ನೂಲಿಗೆ ಕಟ್ಟಿದ ಹಲ್ಲು

ಬೆರಳು ಕೊಯ್ದು ನಾಲ್ಕು ಹನಿ ರಕ್ತ ಬಂದರೆ ಮನೆಯೆಲ್ಲ ಎದ್ದು ನಿಲ್ಲುತ್ತದೆ. ಒಬ್ಬರು ಹತ್ತಿ ತರುತ್ತಾರೆ, ಒಬ್ಬರು ಬಟ್ಟೆ ಹರಿಯುತ್ತಾರೆ, ಇನ್ನೊಬ್ಬರು ಚಾಕುವನ್ನು ಅಲ್ಲಿಟ್ಟವರು ಯಾರೆಂದು ಜಗಳ ತೆಗೆಯುತ್ತಾರೆ. ಅದೇ ರಕ್ತ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಬಂದರೆ? ಒಂದು ಚೊಂಬು ನೀರು ಹೊಯ್ದು, ಬಾಯಿ ಒರೆಸಿಕೊಂಡು, ಕಾಫಿಗೆ ಕೂರುತ್ತೇವೆ.

ಪೀಪಿಯಣ್ಣನೂ ಹಾಗೇ ಕೂರುತ್ತಿದ್ದ.

ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸಿ ನುಡಿಸಿ ಆ ಹೆಸರು ಸವೆದುಹೋಗಿ, ಊರಿಗೆಲ್ಲ ಪೀಪಿಯಣ್ಣನೇ ಆಗಿದ್ದ. ಬ್ಯಾಂಡಿನ ಮುಂದಿನ ಸಾಲಿನ ಮೊದಲ ಕುರ್ಚಿ ಅವನದು. ಅವನ ವಾದ್ಯ ಮೆಲ್ಲಗೆ ಎದ್ದು ಮೇಲಿನ ಸ್ವರದಲ್ಲಿ ನಿಂತರೆ ಹಿಂದೆ ಕೂತ ಡ್ರಮ್ಮಿನ ದಪ್ಪಣ್ಣ ಕೂಡ ಕೋಲು ಎತ್ತಿಟ್ಟು ಕೇಳುತ್ತಿದ್ದ.

ವಾದ್ಯವನ್ನು ಅವನು ದೇವರ ವಿಗ್ರಹದಂತೆ ನೋಡಿಕೊಳ್ಳುತ್ತಿದ್ದ. ನುಡಿಸಿದ ಮೇಲೆ ಒಳಗೆಲ್ಲ ಬಟ್ಟೆ ಎಳೆಯಬೇಕು. ಬಾಯಿಗಿಡುವ ತುದಿಯನ್ನೂ ಅದಕ್ಕೆ ಬಿಗಿಯುವ ರೀಡು ಎಂಬ ಬೆತ್ತದ ತೆಳು ಸೀಳನ್ನೂ ತೊಳೆದು ಒಣಗಿಸಬೇಕು. ಯಾವುದಾದರೂ ಜೋಡಣೆ ಸಡಿಲವಾದರೆ ಮೇಣ ತಿಕ್ಕಿದ ನೂಲನ್ನು ಸುತ್ತಿ ಬಿಗಿ ಮಾಡಬೇಕು. ಇದನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ.

ಬಾಯಿಯ ಕಥೆ ಬೇರೆ. ವಸಡಿನಲ್ಲಿ ರಕ್ತ ಬರತೊಡಗಿದಾಗ, ಉಜ್ಜಿದ್ದರಿಂದಲೇ ರಕ್ತ ಬರುತ್ತದೆಂದು ಆ ಜಾಗಕ್ಕೆ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟ. ವಸಡು ಊದಿಕೊಂಡಾಗ ಬೀದಿಯ ತುದಿಯ ಔಷಧದಂಗಡಿಗೆ ಹೋದ. ಅಂಗಡಿಯವನು ಬಾಯಿ ನೋಡಲಿಲ್ಲ, ಡಾಕ್ಟರ ಚೀಟಿ ಕೇಳಲಿಲ್ಲ. ಕೆಂಪು-ಹಳದಿಯ ಮಾತ್ರೆಯ ಶೀಟು ಕತ್ತರಿಸಿ ಕೊಟ್ಟ. ಊತ ಇಳಿಯಿತು. ಮತ್ತೆ ಬಂತು, ಮತ್ತೆ ಮಾತ್ರೆ. ಕಡೆಗೆ ಅವನು ಮೆಟ್ಟಿಲು ಹತ್ತುವ ಮೊದಲೇ ಅಂಗಡಿಯವನು ಕತ್ತರಿ ಕೈಗೆತ್ತಿಕೊಳ್ಳುವಷ್ಟು ಸಲಿಗೆ ಬೆಳೆಯಿತು.

ಕೆಳಗಿನ ಮುಂಭಾಗದ ಹಲ್ಲೊಂದು ಅಲುಗಾಡತೊಡಗಿತು. ಕ್ಲಾರಿಯೋನೆಟ್ ನುಡಿಸುವವರು ಕೆಳತುಟಿಯನ್ನು ಆ ಹಲ್ಲುಗಳ ಮೇಲೆ ಮಡಿಸಿಯೇ ವಾದ್ಯ ಹಿಡಿಯುವುದು. ಅಲ್ಲಿ ಹಲ್ಲು ಕದಲಿದರೆ ಸ್ವರವೂ ಕದಲುತ್ತದೆ. ಪೀಪಿಯಣ್ಣ ಯೋಚಿಸಿದ. ಜೋಡಣೆ ಸಡಿಲವಾಗಿದೆ, ಅಷ್ಟೇ ತಾನೇ? ಕನ್ನಡಿ ಮುಂದೆ ನಿಂತು, ಮೇಣದ ನೂಲು ತೆಗೆದು, ಆ ಹಲ್ಲನ್ನು ಪಕ್ಕದ ಹಲ್ಲಿಗೆ ಕಟ್ಟಿದ. ಗಂಟನ್ನು ಒಳಮುಖಕ್ಕೆ ತಿರುಗಿಸಿದ. ಯಾರಿಗೂ ಕಾಣಲಿಲ್ಲ.

ಯಾರಿಗೂ ಕಾಣದಿದ್ದರೂ ಕೇಳುತ್ತಿತ್ತು.

ಹಳೆಯ ಗೋದಾಮಿನ ಮಹಡಿಯ ಮೇಲೆ ಅಭ್ಯಾಸ ನಡೆಯುತ್ತಿದ್ದ ಸಂಜೆ, ಎಲ್ಲರೂ ಕಾಯುವ ಆ ಮೇಲಿನ ಸ್ವರ ಎರಡಾಗಿ ಸೀಳಿತು. ಬ್ಯಾಂಡಿನ ಮಾಸ್ತರರು ಕೋಲು ಇಳಿಸಿದರು. ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಬಂದರು.

"ಏನಪ್ಪಾ, ಮೈಯಲ್ಲಿ ಹುಷಾರಿಲ್ವಾ?"

"ರೀಡು ಸರಿ ಇಲ್ಲ ಮಾಸ್ತರೇ."

"ನೀನು ಮೂರು ರೀಡು ಬದಲಾಯಿಸಿದೆ. ನಾನು ನೋಡ್ತಾನೇ ಇದ್ದೆ. ಪುರಭವನದ ಕಾರ್ಯಕ್ರಮ ಹತ್ತಿರ ಬಂತು. ಆ ಮೇಲಿನ ಸ್ವರದ ತುಣುಕು ನಿಂದೇ. ಸ್ವರ ಹೀಗೇ ಒಡೆದ್ರೆ ಕುರ್ಚಿ ಬೇರೆಯವರಿಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರಲ್ಲ, ಅವನಿಗೆ ಬಂದದ್ದು ಸಿಟ್ಟು. ಗಾಳಿ ತುಂಬಿದ್ದು ನನ್ನ ಎದೆ, ತೇದದ್ದು ನನ್ನ ಬೆರಳು, ಇವರು ಕುರ್ಚಿ ಲೆಕ್ಕ ಹೇಳುತ್ತಾರೆ. ದಾರಿಯುದ್ದಕ್ಕೂ ಗೊಣಗುತ್ತ ಮನೆಗೆ ಬಂದ. ಮನೆಯಲ್ಲಿ ನಾದಿನಿ ಬಂದು ಕೂತಿದ್ದಳು. ಹೆಂಡತಿಯ ತಂಗಿ. ಹಲ್ಲಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ.

"ಬನ್ನಿ ಭಾವ. ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?"

"ನಿನ್ನ ಮುಖ ನೋಡಿದ್ದಕ್ಕೆ," ಎಂದು ಪೀಪಿಯಣ್ಣ ನಕ್ಕ. ಆ ನಗು ಬೇಡವಾಗಿತ್ತು. ದೀಪದ ಬೆಳಕಿನಲ್ಲಿ ಬಾಯೊಳಗಿನ ನೂಲು ಮಿನುಗಿತು.

ನಾದಿನಿ ಎದ್ದು ಬಂದಳು. "ಬಾಯಿ ತೆಗೀರಿ."

"ತೆಗೆಯಲ್ಲ."

"ಅಕ್ಕಾ, ನಿನ್ನ ಗಂಡ ಹಲ್ಲಿಗೆ ಹಗ್ಗ ಕಟ್ಟಿಕೊಂಡಿದಾರೆ ಕಣೇ."

ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಿದಳು. ಬ್ಯಾಂಡಿನವರ ಕೋಟುಗಳಿಗೆ ಗುಂಡಿ ಹಾಕುತ್ತಿದ್ದಳು. "ಹಗ್ಗ ಕಟ್ಟೋದಾದ್ರೆ ನಾಲಿಗೆಗೆ ಕಟ್ಟಿಕೊಳ್ಳಲಿ. ದಿನಾ ದಿಂಬಿನ ಚೀಲದಲ್ಲಿ ರಕ್ತದ ಕಲೆ. ಕೇಳಿದ್ರೆ ವಯಸ್ಸಾಯ್ತು, ಹಲ್ಲು ಬೀಳೋದೇ ಅಂತಾರೆ. ವಯಸ್ಸಾಯ್ತು ಅಂತ ಮೀಸೆಗೆ ಬಣ್ಣ ಹಚ್ಚೋದನ್ನ ಮಾತ್ರ ಬಿಟ್ಟಿಲ್ಲ."

"ನೋಡು ತಾಯಿ," ಎಂದು ಪೀಪಿಯಣ್ಣ ನಾದಿನಿಗೆ ಕೈ ಮುಗಿದ, "ನಮ್ಮಪ್ಪನ ಹಲ್ಲೂ ಬಿತ್ತು, ಅವರಪ್ಪನ ಹಲ್ಲೂ ಬಿತ್ತು. ಹಲ್ಲಿನ ನೋವಿಂದ ಸತ್ತವರು ಯಾರಾದ್ರೂ ಇದಾರಾ? ಇದೊಂದು ಕಾಯಿಲೇನಾ?"

"ಈ ಮಾತು ಕೇಳಿ ಕೇಳಿ ನನ್ನ ಕಿವಿ ಕೊಳೆತು ಹೋಗಿದೆ ಭಾವ. ವಯಸ್ಸಾಯ್ತು ಅಂತ ಹಲ್ಲು ಬೀಳಲ್ಲ. ವಸಡಿನ ರೋಗದಿಂದ ಬೀಳುತ್ತೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತೆ. ಅಲ್ಲಿ ಕ್ರಿಮಿ ಮನೆ ಮಾಡ್ತವೆ. ಅವನ್ನ ಓಡಿಸೋಕೆ ಮೈಯ ಕಾವಲುಗಾರರು ಬರ್ತಾರೆ. ಅದಕ್ಕೇ ವಸಡು ಕೆಂಪಾಗಿ ಊದೋದು. ಉರಿಯೂತ ಅಂತೀವಲ್ಲ, ಅದೇ. ಪಾಚಿ ಅಲ್ಲೇ ಇದ್ರೆ ಕಾವಲುಗಾರರೂ ಹೋಗಲ್ಲ. ಬಡಿದಾಡಿ ಬಡಿದಾಡಿ ಹಲ್ಲು ಹಿಡಿದಿರೋ ಮೂಳೆಯನ್ನೇ ಕರಗಿಸಿಬಿಡ್ತಾರೆ."

"ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ," ಎಂದಳು ಹೆಂಡತಿ, ಗುಂಡಿಯ ನೂಲು ಕತ್ತರಿಸುತ್ತ.

"ಹಾಗೇ ಅಕ್ಕ. ಅದರ ಮೇಲೆ ಭಾವನಿಗೆ ಸಕ್ಕರೆ ಕಾಯಿಲೆ ಬೇರೆ. ಸಕ್ಕರೆ ಜಾಸ್ತಿಯಾದ್ರೆ ವಸಡು ಕೆಡುತ್ತೆ, ವಸಡು ಕೆಟ್ರೆ ಸಕ್ಕರೆ ಹತೋಟಿಗೆ ಬರೋದು ಕಷ್ಟ. ಒಂದಕ್ಕೊಂದು ಗಂಟುಬಿದ್ದಿವೆ."

ಪೀಪಿಯಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಕ್ಕರೆಯ ಡಾಕ್ಟರು ಎರಡು ಸಲ ಮಾತ್ರೆ ಹೆಚ್ಚಿಸಿದ್ದರು. ಎರಡು ಸಲವೂ ಬೈದಿದ್ದರು, ಸಿಹಿ ಕದ್ದು ತಿನ್ನುತ್ತೀಯ ಎಂದು. ತಿಂದಿರಲಿಲ್ಲ. ಇಷ್ಟು ದಿನ ಕಾಲು ನೋಡಿದರು, ಕಣ್ಣು ನೋಡಿದರು. ಬಾಯಿ ತೆರೆ ಎಂದವರು ಒಬ್ಬರೂ ಇಲ್ಲ. ಅವನಿಗೆ ಈಗ ಆ ಡಾಕ್ಟರ ಮೇಲೂ ಸಿಟ್ಟು ಬಂತು. ಸಿಟ್ಟಿಗೆ ಅವನಲ್ಲಿ ಬರವಿರಲಿಲ್ಲ.

"ನಮ್ಮಲ್ಲಿ ಈಗ ಒಂದು ಸಂಶೋಧನೆ ನಡೀತಿದೆ," ಎಂದಳು ನಾದಿನಿ. "ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಸಂದಿ ಇರುತ್ತಲ್ಲ, ಅಲ್ಲಿ ಚೂರೇ ಚೂರು ದ್ರವ ಒಸರುತ್ತೆ. ಕಾಗದದ ಪುಟ್ಟ ಪಟ್ಟಿ ಇಟ್ಟು ಅದನ್ನ ತೆಗೀತಾರೆ. ಒಳಗೆ ಎಷ್ಟು ಉರಿಯೂತ ಇದೆ ಅಂತ ಹೇಳೋ ಪದಾರ್ಥಗಳು ಅದರಲ್ಲಿ ಇರ್ತವೆ. ಸೂಚಕ ಅಂತೀವಿ. ಅವನ್ನ ಅಳೆಯೋದು ನನ್ನ ಕೆಲಸ. ಹೊಗೆ ನೋಡಿ ಬೆಂಕಿ ಎಷ್ಟಿದೆ ಅಂತ ತಿಳಿಯೋ ಹಾಗೆ. ಹಲ್ಲು ಶುಚಿ ಮಾಡಿದ ಮೇಲೆ ಸಂದಿಗೆ ಒಂದು ಹೊಸ ಔಷಧ ಹಾಕಿದ್ರೆ ಆ ಬೆಂಕಿ ಇನ್ನೂ ಚೆನ್ನಾಗಿ ಆರುತ್ತಾ ಅಂತ ನೋಡ್ತಿದೀವಿ."

ಹೊಸ ಔಷಧ ಎಂಬ ಎರಡು ಪದ ಬಿಟ್ಟು ಉಳಿದದ್ದೆಲ್ಲ ಪೀಪಿಯಣ್ಣನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿತ್ತು.

"ಹಾಗಾದ್ರೆ ನಾಳೆನೇ ಬರ್ತೀನಿ," ಎಂದ.

ಮರುದಿನ ಗಂಡ ಹೆಂಡತಿ ಹಲ್ಲಿನ ಆಸ್ಪತ್ರೆಗೆ ಹೋದರು. ಆಸ್ಪತ್ರೆಯಿಂದ ನೇರ ಅಭ್ಯಾಸಕ್ಕೆ ಹೋಗಬೇಕೆಂದು ಪೀಪಿಯಣ್ಣ ವಾದ್ಯದ ಪೆಟ್ಟಿಗೆಯನ್ನೂ ತಂದಿದ್ದ. ಒಳಗೆ ಹೋಗುವಾಗ ಅದನ್ನು ಹೆಂಡತಿಯ ಮಡಿಲಲ್ಲಿಟ್ಟ.

ಡಾಕ್ಟರಮ್ಮ ನೂಲನ್ನು ನೋಡಿ ಹುಬ್ಬೇರಿಸಿದರು, ಬೈಯಲಿಲ್ಲ. ತೆಳ್ಳಗಿನ ಕಡ್ಡಿಯಿಂದ ವಸಡಿನ ಸಂದಿ ಎಷ್ಟು ಆಳವಿದೆಯೆಂದು ಒಂದೊಂದು ಹಲ್ಲಿನ ಸುತ್ತಲೂ ಅಳೆದರು. ಕಡ್ಡಿ ಮುಟ್ಟಿದಲ್ಲೆಲ್ಲ ರಕ್ತ ಚಿಮ್ಮಿತು.

"ಇತ್ತೀಚೆಗೆ ಆ್ಯಂಟಿಬಯೋಟಿಕ್, ನೋವಿನ ಮಾತ್ರೆ ಏನಾದ್ರೂ ತಗೊಂಡಿದೀರಾ?"

"ಇಲ್ಲ ಮೇಡಂ. ನನಗೆ ಮಾತ್ರೆ ಅಂದ್ರೇ ಆಗಲ್ಲ."

ಬಾಗಿಲಲ್ಲಿ ಕೂತಿದ್ದ ಹೆಂಡತಿ ಪೆಟ್ಟಿಗೆಯ ಚಿಲಕ ತೆಗೆದಳು. ರೀಡುಗಳ ಡಬ್ಬಿ ಎತ್ತಿದಳು. ಅದರ ಕೆಳಗಿಂದ ಖಾಲಿ ಮಾತ್ರೆ ಶೀಟುಗಳನ್ನು ಬಾಚಿ ತೆಗೆದು ಡಾಕ್ಟರಮ್ಮನ ಮೇಜಿನ ಮೇಲೆ ಸುರಿದಳು. ಒಣ ಎಲೆಗಳಂತೆ ಅವು ಚರಚರ ಎಂದವು. ಮೇಲಿನ ಶೀಟಿನಲ್ಲಿ ಒಂದು ಮಾತ್ರೆ ಇನ್ನೂ ಉಳಿದಿತ್ತು.

"ಲೇ, ನನ್ನ ಪೆಟ್ಟಿಗೆಗೆ ಕೈ ಹಾಕಿದೀಯಾ?"

"ನಿಮ್ಮ ಬಾಯಿಗೆ ಯಾರೂ ಕೈ ಹಾಕಲಿಲ್ವಲ್ಲ, ಅದಕ್ಕೆ."

ಡಾಕ್ಟರಮ್ಮ ಶೀಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ನಿಮ್ಮನ್ನ ಈ ಸಂಶೋಧನೆಗೆ ಸೇರಿಸ್ಕೊಳ್ಳೋಕೆ ಆಗಲ್ಲ," ಎಂದರು. "ಈ ಮಾತ್ರೆ ತಿಂದವರ ಸೂಚಕಗಳನ್ನ ನಂಬೋ ಹಾಗಿಲ್ಲ. ಮಾತ್ರೆಯಿಂದ ತಗ್ಗಿತೋ, ನಾವು ಹಾಕಿದ ಔಷಧದಿಂದ ತಗ್ಗಿತೋ, ಹೇಗೆ ಹೇಳೋದು? ಒಂದು ಬಾಯಿ ಸುಳ್ಳು ಹೇಳಿದ್ರೆ ಎಲ್ಲರ ಲೆಕ್ಕ ಕೆಡುತ್ತೆ."

ಪೀಪಿಯಣ್ಣ ಕುರ್ಚಿಯಿಂದ ಎದ್ದೇಬಿಟ್ಟ. ಕೊರಳಿಗೆ ಕಟ್ಟಿದ ಕಾಗದದ ಬಟ್ಟೆ ಹಾಗೇ ಜೋತಾಡುತ್ತಿತ್ತು.

"ಇದ್ಯಾವ ನ್ಯಾಯ? ಹಲ್ಲು ನಂದು, ನೋವು ನಂದು. ಔಷಧ ಕಪಾಟಲ್ಲಿದೆ. ಅಂಗಡಿಯವನು ಕೊಟ್ಟ, ನಾನು ತಿಂದೆ. ಅದಕ್ಕೆ ನನಗೆ ಶಿಕ್ಷೆನಾ? ಕೈಲಾಗದಿದ್ರೆ ಆಗಲ್ಲ ಅನ್ನಿ."

"ಕೂತ್ಕೊಳ್ಳಿ. ಸಂಶೋಧನೆಗೆ ಬೇಡ ಅಂದೆ, ಚಿಕಿತ್ಸೆಗೆ ಬೇಡ ಅನ್ನಲಿಲ್ಲ."

"ಏನು ಚಿಕಿತ್ಸೆ? ಬರೀ ಕೆರೆಯೋದು ತಾನೇ. ಹಲ್ಲು ಕೆರೆಸಿದ್ರೆ ಸಡಿಲ ಆಗುತ್ತೆ ಅಂತ ಲೋಕಕ್ಕೆಲ್ಲ ಗೊತ್ತು."

ಅಷ್ಟರಲ್ಲಿ ಗಲಾಟೆ ಕೇಳಿ ನಾದಿನಿ ಪ್ರಯೋಗಾಲಯದಿಂದ ಬಂದಿದ್ದಳು. ಅವಳ ಮುಖವೂ ಕೆಂಪಾಗಿತ್ತು. ಅವಳು ಪೆಟ್ಟಿಗೆಯಿಂದ ವಾದ್ಯದ ಬಾಯಿತುದಿಯನ್ನು ತೆಗೆದು ಅವನ ಮುಂದೆ ಹಿಡಿದಳು.

"ಇದನ್ನ ಒಂದು ತಿಂಗಳು ತೊಳೆಯದೆ ಬಿಟ್ರೆ ಏನಾಗುತ್ತೆ ಭಾವ?"

"ಒಳಗೆ ಬಿಳಿ ಪೊರೆ ಕಟ್ಟುತ್ತೆ. ವಾಸನೆ ಬರುತ್ತೆ. ಸ್ವರ ಹಾಳಾಗುತ್ತೆ."

"ಆಗ ಏನ್ಮಾಡ್ತೀರಿ? ಪೊರೆ ಹಾಗೇ ಬಿಟ್ಟು ಮೇಲಿಂದ ಅತ್ತರು ಹಾಕ್ತೀರಾ?"

"ಯಾವ ಮಂಕ ಹಾಗೆ ಮಾಡ್ತಾನೆ? ಮೊದಲು ಪೊರೆ ತೆಗೀಬೇಕು."

 ನಾದಿನಿ ಮೇಜಿನ ಮೇಲಿನ ಶೀಟುಗಳತ್ತ ಬೆರಳು ತೋರಿಸಿದಳು.

"ಹಲ್ಲಿನ ಪಾಚಿಯೂ ಅಂಥದೇ ಪೊರೆ," ಎಂದರು ಡಾಕ್ಟರಮ್ಮ. "ಕ್ರಿಮಿಗಳು ಅದರೊಳಗೆ ಬೆಚ್ಚಗೆ ಇರ್ತವೆ. ಮಾತ್ರೆ ಅಲ್ಲಿಗೆ ಸರಿಯಾಗಿ ಮುಟ್ಟೋದೇ ಇಲ್ಲ. ನೀವು ತಿಂದ ಮಾತ್ರೆ ಊತ ಇಳಿಸಿತು, ರೋಗ ಅಡಗಿಸಿತು, ಮೂಳೆ ಒಳಗೇ ಕರಗಿತು. ಜೊತೆಗೆ ಇನ್ನೊಂದು ಕೇಡು. ಬೇಡದಾಗ ತಿಂದ್ರೆ ಕ್ರಿಮಿಗಳಿಗೆ ಅದು ಅಭ್ಯಾಸ ಆಗುತ್ತೆ. ನಾಳೆ ಪ್ರಾಣ ಉಳಿಸೋಕೆ ಅದೇ ಮಾತ್ರೆ ಬೇಕಾದಾಗ ಅದು ಕೆಲಸ ಮಾಡದೇ ಹೋಗಬಹುದು. ಔಷಧಕ್ಕೆ ಜಾಗ ಇದೆ. ಕೆಲವರಿಗೆ ನಾವೇ ಬರೆದುಕೊಡ್ತೀವಿ. ಆದ್ರೆ ಶುಚಿ ಮಾಡಿದ ಮೇಲೆ, ಬಾಯಿ ನೋಡಿದ ಮೇಲೆ."

ಪೀಪಿಯಣ್ಣ ಕೂತ. ಸಿಟ್ಟು ಇಳಿದು ಕೂತದ್ದಲ್ಲ. ಅದನ್ನು ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ ಕೂತ.

ಮರಗಟ್ಟಿಸುವ ಮದ್ದು ಕೊಟ್ಟು, ವಸಡಿನ ಒಳಗಿನವರೆಗೂ ಕೆರೆದು ಶುಚಿ ಮಾಡಿದರು. ತಟ್ಟೆಯಲ್ಲಿ ಬಿದ್ದ, ಕಲ್ಲಾಗಿದ್ದ ಪಾಚಿಯ ಕರಿ ಹೆಂಟೆಗಳನ್ನು ನೋಡಿ ಅವನಿಗೆ ನಾಚಿಕೆಯಾಯಿತು. ನೂಲು ಬಿಚ್ಚಿದಾಗ ಬಂದ ವಾಸನೆಗೆ ತಾನೇ ಮುಖ ತಿರುಗಿಸಿದ. ಆ ನೂಲು ಹಲ್ಲನ್ನು ಹಿಡಿದಿರಲಿಲ್ಲ, ಕೊಳೆಯನ್ನು ಹಿಡಿದಿತ್ತು. ನೂಲು ಕಟ್ಟಿದ್ದ ಹಲ್ಲಿನ ಬುಡದಲ್ಲಿ ಮೂಳೆಯೇ ಉಳಿದಿರಲಿಲ್ಲ. ಅದನ್ನು ತೆಗೆಯಬೇಕಾಯಿತು. ಅಕ್ಕಪಕ್ಕದ ಹಲ್ಲುಗಳನ್ನು ಡಾಕ್ಟರಮ್ಮ ಒಳಗಿನಿಂದ ಸರಿಯಾಗಿ ಜೋಡಿಸಿ, ನಡುವೆ ಒಂದು ಕೃತಕ ಹಲ್ಲು ಕಟ್ಟಿದರು.

ಮನೆಗೆ ಬಂದ ಮೇಲೆ ಮತ್ತೆ ರಾಮಾಯಣ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಹಲ್ಲುಗಳ ನಡುವೆ ಸಂದಿ ಕಾಣುತ್ತಿತ್ತು.

"ನೋಡು, ಕಿಟಕಿ ಇಟ್ಟು ಕಳಿಸಿದಾರೆ ನಿನ್ನ ತಂಗಿಯವರು," ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ಕಿಟಕಿ ಮೊದಲೇ ಇತ್ತು. ಕಸ ತುಂಬಿ ಮುಚ್ಚಿತ್ತು, ಅಷ್ಟೇ. ಡಾಕ್ಟರಮ್ಮ ಹೇಳಲಿಲ್ವಾ, ಸ್ವಲ್ಪ ದಿನ ಜುಮ್ ಅನ್ನುತ್ತೆ ಅಂತ? ನಾನು ಕೇಳಿಸಿಕೊಂಡೆ. ನೀವು ಜಗಳದ ಗುಂಗಲ್ಲಿದ್ರಿ." ಅವಳು ಮೆತ್ತನೆಯ ಬ್ರಷ್ ಮತ್ತು ಸಂದಿಗೆ ಹಾಕುವ ಪುಟ್ಟ ಬ್ರಷ್ ಎರಡನ್ನೂ ವಾದ್ಯದ ಪೆಟ್ಟಿಗೆಯಲ್ಲಿ, ಬಟ್ಟೆ ಇಡುವ ಜಾಗದಲ್ಲೇ ಇಟ್ಟಳು. "ವಾದ್ಯ ಒರೆಸೋದನ್ನ ಮರೆಯಲ್ವಲ್ಲ. ಇದೂ ಅದರ ಪಕ್ಕದಲ್ಲೇ ಇರಲಿ."

ಪುರಭವನದ ಕಾರ್ಯಕ್ರಮಕ್ಕೆ ವಸಡು ಪೂರ್ತಿ ಮಾಗಿರಲಿಲ್ಲ. ಪೀಪಿಯಣ್ಣ ತಾನೇ ಮಾಸ್ತರರ ಬಳಿ ಹೋಗಿ ಬಾಯಿ ತೆರೆದು ತೋರಿಸಿದ. "ಈ ಸಲ ಹಿಂದಿನ ಸಾಲಲ್ಲಿ ಕೂರ್ತೀನಿ ಮಾಸ್ತರೇ," ಎಂದ. ಮೇಲಿನ ಸ್ವರವನ್ನು ಬೇರೆಯವನೊಬ್ಬ ನುಡಿಸಿದ. ಚೆನ್ನಾಗಿಯೇ ನುಡಿಸಿದ. ಜನ ಚಪ್ಪಾಳೆ ತಟ್ಟುವಾಗ ಪೀಪಿಯಣ್ಣ ನಾಲಿಗೆಯಿಂದ ಆ ಕಟ್ಟಿಸಿದ ಹಲ್ಲನ್ನು ಮುಟ್ಟಿ ನೋಡಿಕೊಂಡ. ಮೊದಲ ಸಲ ರಕ್ತ ಕಂಡ ಬೆಳಿಗ್ಗೆಯೇ ಹೋಗಿದ್ದರೆ ಅವನ ಹಲ್ಲು ಅವನಲ್ಲೇ ಇರುತ್ತಿತ್ತು. ಕುರ್ಚಿಯೂ.

ತಿಂಗಳುಗಳು ಕಳೆದವು. ದಿಂಬಿನ ಚೀಲ ಬೆಳ್ಳಗೆ ಉಳಿಯತೊಡಗಿತು. ತಪಾಸಣೆಗೆ ಹೋದಾಗ ಕಡ್ಡಿ ಮುಟ್ಟಿದರೂ ರಕ್ತ ಬರಲಿಲ್ಲ, ಸಂದಿಗಳ ಆಳ ಕಡಿಮೆಯಾಗಿತ್ತು. ಸಕ್ಕರೆಯ ಡಾಕ್ಟರು ಕಾಗದ ನೋಡಿ, "ಪರವಾಗಿಲ್ಲ, ಈಗ ಪಥ್ಯ ಮಾಡ್ತಿದೀಯ," ಎಂದರು. "ಪಥ್ಯ ಆಗಲೂ ಮಾಡ್ತಿದ್ದೆ ಸ್ವಾಮಿ, ಬಾಯಿ ನೋಡಿದವರಿರಲಿಲ್ಲ," ಎಂದು ಪೀಪಿಯಣ್ಣ ನೇರವಾಗಿಯೇ ಹೇಳಿದ. ಅಂದಿನಿಂದ ಆ ಡಾಕ್ಟರು ಬಂದವರಿಗೆಲ್ಲ ವಸಡಿನ ಬಗ್ಗೆಯೂ ಕೇಳತೊಡಗಿದರು.

ಸಂಶೋಧನೆ ಮುಗಿದ ಮೇಲೆ ನಾದಿನಿ ಮನೆಗೆ ಬಂದಳು.

"ನನಗೆ ಕೊಡದ ನಿಮ್ಮ ಅಮೃತ ಏನಾಯ್ತಮ್ಮ?" ಎಂದ ಪೀಪಿಯಣ್ಣ.

"ಅದನ್ನ ಹಾಕಿದವರ ಸೂಚಕಗಳು ಹಾಕದವರಿಗಿಂತ ಸ್ವಲ್ಪ ಹೆಚ್ಚು ತಗ್ಗಿವೆ ಭಾವ. ಇನ್ನೂ ನೋಡಬೇಕು, ಈಗಲೇ ಏನೂ ಹೇಳೋ ಹಾಗಿಲ್ಲ. ಆದ್ರೆ ಒಂದು ಕೇಳಿ. ಅರ್ಧ ಜನಕ್ಕೆ ಹಾಕಿದ್ದು ಔಷಧ ಇಲ್ಲದ ಬರೀ ಜೆಲ್. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ, ಹಾಕಿದ ಡಾಕ್ಟರಿಗೂ ಗೊತ್ತಿರಲಿಲ್ಲ. ಮೊದಲೇ ಎಲ್ಲರಿಗೂ ತಿಳಿಸಿ, ಒಪ್ಪಿಗೆ ತಗೊಂಡೇ ಮಾಡಿದ್ದು. ಆ ಬರೀ ಜೆಲ್ಲಿನವರ ಸೂಚಕಗಳೂ ಚೆನ್ನಾಗಿ ಇಳಿದಿವೆ. ಯಾಕಂದ್ರೆ ಶುಚಿ ಎಲ್ಲರಿಗೂ ಮಾಡಿದ್ವಿ. ಆಮೇಲೆ ಉಜ್ಜೋದು ಬಿಟ್ಟವರದು ಮಾತ್ರ, ಔಷಧದವರದೂ ಸೇರಿ, ಮತ್ತೆ ಏರಿದೆ."

ಪೀಪಿಯಣ್ಣ ಹಣೆ ಚಚ್ಚಿಕೊಂಡ.

"ಅಂದ್ರೆ ನಾನು ಅಷ್ಟು ಕೂಗಾಡಿದ್ದು, ಅರ್ಧ ಜನಕ್ಕೆ ಸಿಗದೇ ಇದ್ದ ಔಷಧಕ್ಕೆ."

"ಕೊರಳಲ್ಲಿ ಕಾಗದ ಕಟ್ಕೊಂಡು," ಎಂದಳು ಹೆಂಡತಿ.

ಮೂವರೂ ನಕ್ಕರು. ಪೀಪಿಯಣ್ಣ ಬಾಯಿ ತುಂಬ ನಕ್ಕ.

ಅದೇ ವಾರ ಮಾಸ್ತರರು ಅವನನ್ನು ಕರೆದು ಮೊದಲ ಕುರ್ಚಿ ತೋರಿಸಿದರು. ಅಭ್ಯಾಸಕ್ಕೆ ಹೊರಟವನು ಬೀದಿಯ ತುದಿಯ ಔಷಧದಂಗಡಿಯ ಮುಂದೆ ನಿಂತ. ಹೆಂಗಸೊಬ್ಬಳು ಕೆನ್ನೆಗೆ ಸೆರಗು ಒತ್ತಿಕೊಂಡು, ವಸಡು ಊದಿದೆ, ಏನಾದರೂ ಕೊಡಿ ಎನ್ನುತ್ತಿದ್ದಳು. ಅಂಗಡಿಯವನು ಕತ್ತರಿ ಕೈಗೆತ್ತಿಕೊಂಡಿದ್ದ. ಅವಳ ಬಾಯಿಯನ್ನಂತೂ ನೋಡಿರಲಿಲ್ಲ.

"ಏನಣ್ಣ, ಈ ಕಡೆ ಬರೋದೇ ಬಿಟ್ರಿ. ನಿಮಗೂ ಒಂದು ಶೀಟು ಕತ್ತರಿಸ್ಲಾ?"

ಪೀಪಿಯಣ್ಣನ ಸಿಟ್ಟಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತು. ಅವನು ಗಲ್ಲೆಯ ಮೇಲೆ ಬಾಗಿ, ಕೆಳತುಟಿಯನ್ನು ಬೆರಳಿನಿಂದ ಎಳೆದು ತೋರಿಸಿದ.

"ನೋಡು. ಅಲ್ಲ, ಸರಿಯಾಗಿ ನೋಡು. ಅಷ್ಟು ಸಲ ಬಂದೆ, ಒಂದು ಸಲನೂ ನೋಡಲಿಲ್ಲ ನೀನು. ಈ ನಡುವಿನ ಹಲ್ಲು ನಂದಲ್ಲ, ಕಟ್ಟಿಸಿದ್ದು. ನಂದು ನಿನ್ನ ಕತ್ತರಿಗೆ ಹೋಯ್ತು. ತಪ್ಪು ನಂದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಚೀಟಿ ಇಲ್ಲದೆ ಈ ತಾಯಿಗೆ ಅದನ್ನ ಕೊಟ್ರೆ ನಾಳೆಯಿಂದ ಇದೇ ಮೆಟ್ಟಿಲ ಮೇಲೆ ಕೂತು ಪೀಪಿ ಊದ್ತೀನಿ. ಗಿರಾಕಿ ಬಂದು ನಿಲ್ಲೋಕೆ ಬಿಡಲ್ಲ."

ಅಂಗಡಿಯವನು ಕತ್ತರಿ ಕೆಳಗಿಟ್ಟ. ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. "ಮತ್ತೆ ಎಲ್ಲಿಗೆ ಹೋಗಲಿ ಅಣ್ಣ?" ಎಂದಳು.

"ಬಾರಮ್ಮ. ದಾರಿ ತೋರಿಸ್ತೀನಿ," ಎಂದು ಪೀಪಿಯಣ್ಣ ಪೆಟ್ಟಿಗೆ ಎತ್ತಿಕೊಂಡ. ಅಂದು ಅಭ್ಯಾಸಕ್ಕೆ ತಡವಾಗಿ ಹೋದ.  ಮೇಲಿನ ಸ್ವರ ಬಂದಾಗ ದಪ್ಪಣ್ಣ ಕೋಲು ಎತ್ತಿಟ್ಟ. ಸ್ವರ ಒಂದೇ ಆಗಿ ನಿಂತಿತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಈಗೊಮ್ಮೆ ಕನ್ನಡಿ ಮುಂದೆ ನಿಲ್ಲಿ. ತುಟಿ ಸರಿಸಿ ನೋಡಿ. ವಸಡು ಕೆಂಪಾಗಿ ಊದಿದೆಯೇ? ಉಜ್ಜುವಾಗ ರಕ್ತ ಬರುತ್ತದೆಯೇ? ಬಾಯಿ ವಾಸನೆ ಬಿಡದೆ ಕಾಡುತ್ತಿದೆಯೇ, ಹಲ್ಲು ಅಲುಗಾಡುತ್ತಿದೆಯೇ? ಹಾಗಿದ್ದರೆ ಅದು ವಯಸ್ಸಲ್ಲ, ಹಣೆಬರಹವೂ ಅಲ್ಲ. ರಕ್ತ ಬಂತೆಂದು ಉಜ್ಜುವುದನ್ನು ಬಿಡಬೇಡಿ. ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಉಜ್ಜಿ. ಹಲ್ಲಿನ ಡಾಕ್ಟರಿಗೆ ತೋರಿಸಿ, ಶುಚಿ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ, ತಂಬಾಕಿನ ಚಟವಿದ್ದರೆ ತಡ ಮಾಡಲೇಬೇಡಿ. ಬಾಯಿ ನೋಡದೆ ಯಾರೇ ಮಾತ್ರೆ ಕತ್ತರಿಸಿ ಕೊಟ್ಟರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಬೆರಳಿನ ರಕ್ತಕ್ಕೆ ಎದ್ದು ನಿಲ್ಲುವ ಮನೆ, ಬಾಯಿಯ ರಕ್ತಕ್ಕೂ ಎದ್ದು ನಿಲ್ಲಲಿ.